ಸಿಗುವುದೂ ಸಲ್ಲುವುದೂ

ಗುಜರಾತಿಗೆ ಬಂದು ನೆಲೆಸಿದ ಕನ್ನಡಿಗನಿಗೆ ಮೊದಲ ವರ್ಷದಲ್ಲೇ ತಿಳಿದುಬರುವ ಒಂದು ಸಂಗತಿಯಿದೆ. ಇಲ್ಲಿ ಮದ್ಯ ನಿಷಿದ್ಧ. 1960ರ ಮೇ 1ರಂದು ಈ ರಾಜ್ಯ ಹುಟ್ಟಿತು. ಮುಂಬಯಿ ಪ್ರಾಂತದ 1949ರ ಪಾನನಿಷೇಧ ಕಾಯಿದೆ ಅಂದಿನಿಂದಲೂ ಇಲ್ಲಿ ಜಾರಿಯಲ್ಲಿದೆ. ಆದರೂ ಬೇಕಾದವರಿಗೆ ಅದು ಸಿಗುತ್ತದೆ ಎಂಬುದು ಗುಟ್ಟೇನಲ್ಲ. ವಾಪಿ ದಾಟಿ ದಮಣ್ ಸೇರಿದರೆ ಅಂಗಡಿಯ ಬಾಗಿಲಲ್ಲೇ ಬಾಟಲಿಗಳು ಸಾಲುಗಟ್ಟಿರುತ್ತವೆ. 2023ರ ಡಿಸೆಂಬರಿನಲ್ಲಿ ಗಾಂಧಿನಗರದ ಬಳಿಯ ಗಿಫ್ಟ್ ಸಿಟಿಯಲ್ಲಿ ಕೆಲಸ ಮಾಡುವವರಿಗೂ ಅವರ ಅತಿಥಿಗಳಿಗೂ ಸರ್ಕಾರವೇ ವಿನಾಯಿತಿ ಕೊಟ್ಟಿತು. ಒಂದೇ ವಸ್ತು ಒಂದು ಕಡೆ ಅಂಗಡಿಯ ಸರಕು, ಅಲ್ಲಿಂದ ಕೆಲವೇ ಮೈಲಿ ಈಚೆಗೆ ಅಪರಾಧ, ಮತ್ತೊಂದು ಕಡೆ ಸವಲತ್ತು. ಆದುದರಿಂದ 'ಸಿಗುತ್ತದೆ' ಎಂಬ ಮಾತಿಗೂ 'ಸಲ್ಲುತ್ತದೆ' ಎಂಬ ಮಾತಿಗೂ ನಡುವೆ ಎಷ್ಟು ದೂರವಿದೆ ಎಂಬುದನ್ನು ನಾವು ಇಲ್ಲಿ ಪುಸ್ತಕ ಓದಿ ಕಲಿಯಬೇಕಾಗಿಲ್ಲ.

ಈ ಮಾತು ನೆನಪಾಗಲು ಕಾರಣ ನನ್ನ ಅಕ್ಕನ ಮಗ. ಅವನು ವಡೋದರೆಯ ಒಂದು ಖಾಸಗಿ ಕಂಪನಿಯಲ್ಲಿದ್ದಾನೆ. ಭಾನುವಾರಗಳಲ್ಲಿ ಕೊಯಾಲಿಯ ನಮ್ಮ ಮನೆಗೆ ರೊಟ್ಟಿ ಊಟಕ್ಕೆ ಬರುತ್ತಾನೆ. ಕಳೆದ ಶ್ರಾವಣದಲ್ಲಿ ಒಂದು ಭಾನುವಾರ ಊಟದ ಮುಂದೆ ಸುಮ್ಮನೆ ಕುಳಿತಿದ್ದ. ಕೇಳಿದಾಗ ಹೇಳಿದ, ಬ್ಯಾಂಕಿನವರು ಅವನ ಖಾತೆಗೆ ತಡೆ ಹಾಕಿದ್ದಾರೆ, ಸಂಬಳ ಒಳಗೇ ಸಿಕ್ಕಿಬಿದ್ದಿದೆ, ಬೇರೆ ಯಾವುದೋ ರಾಜ್ಯದ ಪೊಲೀಸರ ಸೂಚನೆಯಂತೆ. ಅವನ ಖಾತೆಗೆ ಬಂದಿದ್ದ ಮೂವತ್ತೆಂಟು ಸಾವಿರ ರೂಪಾಯಿ ಒಬ್ಬ ನಿವೃತ್ತ ಮಾಸ್ತರರಿಂದ ಮೋಸದಿಂದ ಕಿತ್ತುಕೊಂಡ ಹಣದ ಒಂದು ಭಾಗವಂತೆ. ಇವನಿಗೆ ಆ ಮಾಸ್ತರರೂ ಗೊತ್ತಿಲ್ಲ, ಮೋಸ ಮಾಡಿದವರೂ ಗೊತ್ತಿಲ್ಲ. ಹೊರದೇಶದ ಒಂದು ಕ್ರಿಪ್ಟೊ ಎಕ್ಸ್‌ಚೇಂಜಿನಲ್ಲಿ ತನ್ನ ಬಳಿಯಿದ್ದ ಡಿಜಿಟಲ್ ಡಾಲರನ್ನು ಮಾರಿದ್ದ, ಕೊಂಡವನು ಯುಪಿಐ ಮೂಲಕ ಹಣ ಹಾಕಿದ್ದ, ಅಷ್ಟೇ.

"ನಾ ಏನ್ ತಪ್ಪು ಮಾಡೀನಿ ಮಾಮಾ? ಆ್ಯಪ್ ಫೋನಿನ್ಯಾಗ ಸಿಗ್ತದ. ರೊಕ್ಕ ನಮ್ಮ ಬ್ಯಾಂಕಿನಿಂದನ ಹೋಗ್ತದ, ಬರ್ತದ. ಅಂದ್ರ ಕಾನೂನಿನ ಪ್ರಕಾರ ಅದ ಅಂತನ ಆತಲ್ಲ?" ಎಂದ.

ನಾನು ಗುಮಾಸ್ತ. ಸುತ್ತೋಲೆಗಳನ್ನು ಓದುವುದು, ಅದರ ಅಡಿಟಿಪ್ಪಣಿ ಓದುವುದು, ಹಿಂದಿನ ಸುತ್ತೋಲೆಯನ್ನು ಇದು ರದ್ದು ಮಾಡಿತೋ ಇಲ್ಲವೋ ನೋಡುವುದು, ಇದೇ ನನ್ನ ಜೀವನ. ಹಾಗಾಗಿ ಅವನಿಗೆ ಉತ್ತರ ಹೇಳುವ ಮೊದಲು ಒಂದು ವಾರ ಕಾಲಾವಕಾಶ ಕೇಳಿ, ಸಿಕ್ಕ ಕಾಗದಗಳನ್ನೆಲ್ಲ ಓದಿದೆ.

ಓದಿದ ಮೇಲೆ ಹುಡುಗನ ಮೇಲಿನ ಸಿಟ್ಟು ಅರ್ಧ ಇಳಿಯಿತು ಎಂದೇ ಹೇಳಬೇಕು. ಏಕೆಂದರೆ ಕಾನೂನು ಈ ವಿಷಯದಲ್ಲಿ ನೇರವಾದ ದಾರಿಯಲ್ಲಿ ನಡೆದಿಲ್ಲ. 2018ರ ಏಪ್ರಿಲ್ 6ರಂದು ರಿಸರ್ವ್ ಬ್ಯಾಂಕು, ಕ್ರಿಪ್ಟೊ ವ್ಯವಹಾರ ಮಾಡುವವರಿಗೆ ಬ್ಯಾಂಕುಗಳು ಸೇವೆ ಕೊಡಕೂಡದೆಂದು ಸುತ್ತೋಲೆ ಹೊರಡಿಸಿತು. 2020ರ ಮಾರ್ಚ್ 4ರಂದು ಸುಪ್ರೀಂ ಕೋರ್ಟು ಅದನ್ನು ರದ್ದುಪಡಿಸಿತು. ರಿಸರ್ವ್ ಬ್ಯಾಂಕಿಗೆ ಅಧಿಕಾರವೇ ಇಲ್ಲವೆಂದು ಕೋರ್ಟು ಹೇಳಲಿಲ್ಲ. ತನ್ನ ಅಧೀನದ ಬ್ಯಾಂಕುಗಳಿಗೆ ಆದ ಹಾನಿಯನ್ನು ಅದು ತೋರಿಸಿಲ್ಲ, ಆದ್ದರಿಂದ ಕ್ರಮ ಅಳತೆ ಮೀರಿತು ಎಂದಿತು. 2022ರ ಏಪ್ರಿಲಿನಿಂದ ಲಾಭದ ಮೇಲೆ ಶೇಕಡಾ 30 ತೆರಿಗೆ ಬಂತು, ಜುಲೈ 1ರಿಂದ ಪ್ರತಿ ಮಾರಾಟದ ಮೇಲೆ ಶೇಕಡಾ 1 ಮೂಲದಲ್ಲೇ ಕಡಿತ. ತೆರಿಗೆ ಹಾಕಿದಿರಲ್ಲ, ಹಾಗಾದರೆ ಒಪ್ಪಿದಂತಾಯಿತೇ ಎಂಬ ಪ್ರಶ್ನೆ ಸಂಸತ್ತಿನಲ್ಲೇ ಎದ್ದಿತು. ಅರ್ಥಮಂತ್ರಿ ನಿರ್ಮಲಾ ಸೀತಾರಾಮನ್ ಅವರು ಅದು ಸರಿಯೋ ತಪ್ಪೋ ಎಂಬುದು ಬೇರೆ ಮಾತು, ತೆರಿಗೆ ಹಾಕುವುದು ಸರ್ಕಾರದ ಹಕ್ಕು ಎಂಬ ಅರ್ಥದ ಉತ್ತರ ಕೊಟ್ಟರು.

ಈ ಉತ್ತರ ಜನರಿಗೆ ವಿಚಿತ್ರವಾಗಿ ಕಂಡಿತು. ಆದರೆ ತೆರಿಗೆಯ ಕಾಗದಗಳನ್ನು ಬಲ್ಲವರಿಗೆ ಇದು ಹೊಸದಲ್ಲ. ಪಿಯಾರಾ ಸಿಂಗ್ ಎಂಬವರ ಪ್ರಕರಣ ಹಳಬರಿಗೆ ನೆನಪಿರಬಹುದು. 1958ರಲ್ಲಿ ಪಾಕಿಸ್ತಾನದ ಗಡಿ ದಾಟುವಾಗ ಕಳ್ಳಚಿನ್ನ ಕೊಳ್ಳಲು ಒಯ್ಯುತ್ತಿದ್ದ ನೋಟುಗಳನ್ನು ಹಿಡಿದು ಮುಟ್ಟುಗೋಲು ಹಾಕಲಾಯಿತು. ಕಳ್ಳಸಾಗಣೆಯ ಆದಾಯಕ್ಕೆ ತೆರಿಗೆ ಹಾಕುವುದಾದರೆ, ಮುಟ್ಟುಗೋಲಾದ ಹಣವೂ ಆ ವ್ಯಾಪಾರದ ನಷ್ಟವೆಂದೇ ಲೆಕ್ಕ ಎಂದು 1980ರಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತಿತು. ತೆರಿಗೆಯವರ ಖಾತೆ ಪುಸ್ತಕದಲ್ಲಿ ಪಾಪಪುಣ್ಯದ ಕಾಲಂ ಇಲ್ಲ. ಅವರು ರಶೀದಿ ಕೊಟ್ಟರೆಂದು ಅದನ್ನು ಸಚ್ಚಾರಿತ್ರ್ಯದ ಸರ್ಟಿಫಿಕೇಟೆಂದು ಗೋಡೆಗೆ ತೂಗುಹಾಕುವಂತಿಲ್ಲ.

ಇನ್ನು ಹೊರದೇಶದ ಎಕ್ಸ್‌ಚೇಂಜುಗಳ ಮಾತು. 2023ರ ಮಾರ್ಚ್ 7ರ ಅಧಿಸೂಚನೆಯಂತೆ ಕ್ರಿಪ್ಟೊ ವ್ಯವಹಾರದ ಸಂಸ್ಥೆಗಳು ಹಣದ ಅಕ್ರಮ ವರ್ಗಾವಣೆ ತಡೆ ಕಾಯಿದೆಯ ಕೆಳಗೆ ಬಂದವು. ನಮ್ಮ ನೆಲದಲ್ಲಿ ಕಛೇರಿ ಇರಲಿ ಬಿಡಲಿ, ನಮ್ಮ ಜನರೊಡನೆ ವ್ಯವಹಾರ ಮಾಡುವವರು ಕೇಂದ್ರದ ಹಣಕಾಸು ಗುಪ್ತಚರ ಘಟಕದಲ್ಲಿ ಹೆಸರು ನೋಂದಾಯಿಸಬೇಕು, ಗಿರಾಕಿಯ ಗುರುತು ಪಡೆಯಬೇಕು, ಸಂಶಯಾಸ್ಪದ ವಹಿವಾಟನ್ನು ವರದಿ ಮಾಡಬೇಕು. ಹಾಗೆ ಮಾಡದ ಒಂಬತ್ತು ಹೊರದೇಶದ ಸಂಸ್ಥೆಗಳಿಗೆ 2023ರ ಡಿಸೆಂಬರ್ 28ರಂದು ನೋಟೀಸು ಹೋಯಿತು. ಬೈನಾನ್ಸ್, ಕುಕಾಯಿನ್, ಕ್ರಾಕೆನ್ ಅದರಲ್ಲಿದ್ದವು. ಮುಂದಿನ ತಿಂಗಳು ಅವುಗಳ ಆ್ಯಪುಗಳು ಇಲ್ಲಿನ ಫೋನುಗಳ ಅಂಗಡಿಯಿಂದ ಮಾಯವಾದವು. ಬಳಿಕ ಕುಕಾಯಿನ್ 34.5 ಲಕ್ಷ ರೂಪಾಯಿ ದಂಡ ತೆತ್ತು ನೋಂದಾಯಿಸಿಕೊಂಡಿತು. ಬೈನಾನ್ಸಿಗೆ 2024ರ ಜೂನಿನಲ್ಲಿ 18.82 ಕೋಟಿ ದಂಡ ಬಿತ್ತು, ಅದೂ ನೋಂದಣಿ ಪಡೆಯಿತು. 2025ರ ಜನವರಿಯಲ್ಲಿ ಬೈಬಿಟ್‌ಗೆ 9.27 ಕೋಟಿ. 2025ರ ಅಕ್ಟೋಬರ್ 1ರಂದು ಮತ್ತೆ 25 ಹೊರದೇಶದ ಸಂಸ್ಥೆಗಳಿಗೆ ನೋಟೀಸು. ಅಂದಮೇಲೆ 'ಹೊರದೇಶದ್ದು ಕಾನೂನುಬದ್ಧವೇ' ಎಂಬ ಪ್ರಶ್ನೆಗೆ ಹೌದು ಅಥವಾ ಇಲ್ಲ ಎಂಬ ಒಂದೇ ಉತ್ತರವಿಲ್ಲ. ಯಾವುದು, ಯಾವ ದಿನ, ಹೆಸರು ಬರೆಸಿತ್ತೋ ಇಲ್ಲವೋ ಎಂದು ನೋಡಿ ಹೇಳಬೇಕು. ಹೆಸರು ಬರೆಸಿದ್ದಾದರೂ ಅದು ಗಿರಾಕಿಯ ಹಣಕ್ಕೆ ಸರ್ಕಾರದ ಜಾಮೀನಲ್ಲ. ಭಾರತದಲ್ಲೇ ಹೆಸರುವಾಸಿಯಾದ ವಜೀರ್‌ಎಕ್ಸ್‌ನಿಂದ 2024ರ ಜುಲೈ 18ರಂದು ಸುಮಾರು 23 ಕೋಟಿ ಡಾಲರು ಕಳುವಾದಾಗ ಗಿರಾಕಿಗಳು ತಮ್ಮ ಉಳಿದ ಹಣಕ್ಕಾಗಿ ಒಂದು ವರ್ಷಕ್ಕೂ ಮಿಕ್ಕಿ ಕಾದರು. ವಿಚಾರಣೆ ನಡೆದದ್ದು ಸಿಂಗಾಪುರದ ಕೋರ್ಟಿನಲ್ಲಿ.

ನಮ್ಮ ಹುಡುಗ ಹಿಡಿದದ್ದು ನೋಂದಾಯಿಸದೆ ಉಳಿದವುಗಳಲ್ಲಿ ಒಂದನ್ನು. ಹೆಸರು ಇಲ್ಲಿ ಬೇಡ. ಅವನು ಅಲ್ಲಿಗೆ ಹೋದದ್ದು 2022ರ ಜುಲೈ ನಂತರ, ಆ ಒಂದು ಶೇಕಡಾ ಕಡಿತ ಅಲ್ಲಿ ಯಾರೂ ಮಾಡುವುದಿಲ್ಲವೆಂದು ಗೆಳೆಯರು ಹೇಳಿದ ಮೇಲೆ. ಜಾಲತಾಣಕ್ಕೆ ತಡೆ ಬಂದಾಗ ವಿಪಿಎನ್ ಹಾಕಿಕೊಂಡ. ಅಂದರೆ ವಡೋದರೆಯಲ್ಲಿ ಕುಳಿತು ತಾನು ಬೇರೆಲ್ಲೋ ಇದ್ದೇನೆಂದು ಯಂತ್ರಕ್ಕೆ ನಂಬಿಸಿದ.

ವಹಿವಾಟಿನ ರೀತಿಯನ್ನು ಅವನೇ ನನಗೆ ವಿವರಿಸಿದ. ರೂಪಾಯಿ ನೇರವಾಗಿ ಎಕ್ಸ್‌ಚೇಂಜಿಗೆ ಹೋಗುವುದಿಲ್ಲ. ಪರದೆಯ ಮೇಲೆ ಕೊಳ್ಳುವವರ, ಮಾರುವವರ ಪಟ್ಟಿ ಬರುತ್ತದೆ, ನಮ್ಮ ಸಯಾಜಿಗಂಜಿನ ತರಕಾರಿ ಗಾಡಿಗಳ ಹಾಗೆ, ಒಬ್ಬೊಬ್ಬರದು ಒಂದೊಂದು ದರ. ಮಾರುವವನ ನಾಣ್ಯವನ್ನು ಎಕ್ಸ್‌ಚೇಂಜು ಹಿಡಿದಿಟ್ಟುಕೊಳ್ಳುತ್ತದೆ. ಕೊಳ್ಳುವವನು ಮಾರುವವನ ಬ್ಯಾಂಕ್ ಖಾತೆಗೆ ರೂಪಾಯಿ ಹಾಕುತ್ತಾನೆ. ಬಂತು ಎಂದು ಇವನು ಒತ್ತಿದರೆ ನಾಣ್ಯ ಅವನಿಗೆ ಹೋಗುತ್ತದೆ. ಬ್ಯಾಂಕಿನ ಡಾಲರ್ ದರಕ್ಕಿಂತ ಕೆಲವು ರೂಪಾಯಿ ಹೆಚ್ಚೇ ಸಿಗುತ್ತದೆ. ಏಕೆ ಹೆಚ್ಚು ಕೊಡುತ್ತಾರೆ ಎಂದು ಕೇಳಿದೆ. "ಡಿಮ್ಯಾಂಡ್ ಇರ್ತದ ಮಾಮಾ" ಎಂದ. ಗುರುತು ಹೇಳದೆ ಹಣವನ್ನು ಡಾಲರು ಮಾಡಿ ಸಾಗಿಸಬೇಕಾದವನಿಗೆ ಎರಡು ರೂಪಾಯಿ ಹೆಚ್ಚು ಕೊಡುವುದು ಭಾರವಲ್ಲ, ಎಲ್ಲ ಕೊಳ್ಳುವವರೂ ಅಂಥವರಲ್ಲದಿದ್ದರೂ. ಈ ಎರಡು ರೂಪಾಯಿಯ ಬಗ್ಗೆ ಆ ಹುಡುಗ ಮೂರು ವರ್ಷ ಯೋಚಿಸಿರಲಿಲ್ಲ.

ಬಿ.ಎಸ್ಸಿ. ಓದುವಾಗ ಪೊಟ್ಯಾಸಿಯಂ ಪರ್ಮಾಂಗನೇಟಿನ ಒಂದು ಹರಳನ್ನು ನೀರಿಗೆ ಹಾಕಿ ಕಾಯುತ್ತಿದ್ದೆವು. ಸ್ವಲ್ಪ ಹೊತ್ತಿಗೆ ಪಾತ್ರೆಯೆಲ್ಲ ನೇರಳೆ. ಯಾವ ಹನಿಯಲ್ಲಿ ಹರಳಿದೆ ಎಂದು ತೋರಿಸಲಾಗುವುದಿಲ್ಲ. ಕದ್ದ ಹಣವನ್ನು ಹತ್ತು ಖಾತೆಗಳಿಗೆ ಹಂಚಿ, ಅಲ್ಲಿಂದ ಮತ್ತೆ ಹಂಚಿ, ನಾಣ್ಯ ಕೊಂಡು ಮುಗಿಸುವವರ ಲೆಕ್ಕವೂ ಇದೇ. ಮೋಸ ಹೋದವರು 1930ಕ್ಕೆ ಫೋನ್ ಮಾಡಿದೊಡನೆ ಹಣ ಹೋದ ದಾರಿಯುದ್ದಕ್ಕೂ ತಡೆ ಬೀಳುತ್ತದೆ. ನಾಣ್ಯ ಅಷ್ಟರಲ್ಲಿ ದೇಶ ದಾಟಿರುತ್ತದೆ. ಉಳಿಯುವುದು ನಮ್ಮ ಹುಡುಗನಂಥವರ ಸಂಬಳದ ಖಾತೆ.

ಇಲ್ಲಿಯ ತನಕ ಅವನು ಅಜಾಗರೂಕ ಎನ್ನಬಹುದು, ಅಪರಾಧಿ ಎನ್ನಲಾರೆ. ಆದರೆ ಕಣ್ಣು ತೆರೆಸಿದ್ದು ಆಮೇಲಿನ ಸಂಗತಿ. ಅವನು ಎಕ್ಸ್‌ಚೇಂಜಿಗೆ ಬರೆದ: ಆ ಕೊಂಡವನು ಯಾರು, ಅವನ ಗುರುತಿನ ಕಾಗದ ಪೊಲೀಸರಿಗೆ ಕೊಡಿ, ನನ್ನ ನಾಣ್ಯ ಹೋಯಿತು, ಹಣವೂ ತಡೆಯಲ್ಲಿದೆ, ಏನು ಮಾಡುತ್ತೀರಿ ಎಂದು. ಎರಡು ದಿನಕ್ಕೆ ಉತ್ತರ ಬಂತು. ತಮ್ಮ ಷರತ್ತುಗಳ ಪ್ರಕಾರ ಭಾರತದ ನಿವಾಸಿಗಳಿಗೆ ತಾವು ಸೇವೆ ಕೊಡುವುದಿಲ್ಲ, ಆದ್ದರಿಂದ ಈ ವಿಷಯದಲ್ಲಿ ಸಹಾಯ ಮಾಡಲಾಗದು. ಮೂರು ವರ್ಷ ಕಮಿಷನ್ ಮುರಿದುಕೊಳ್ಳುವಾಗ ಅವರಿಗೆ ಇವನ ದೇಶ ನೆನಪಾಗಲಿಲ್ಲ. ಹೊಣೆ ಕೇಳಿದ ದಿನ ನೆನಪಾಯಿತು.

ಹುಡುಗ ಆ ಪತ್ರವನ್ನು ನನಗೆ ತೋರಿಸಿ ಕುದಿದುಹೋದ. ಅವರನ್ನು ಬೈಯಲು ನನಗೂ ಮಾತು ಸಾಕಷ್ಟು ಬಂದವು. ಆದರೆ ಮಾತು ಮುಗಿದ ಮೇಲೆ ಯೋಚಿಸಿದರೆ, ಅವರು ಮಾಡಿದ್ದನ್ನೇ ಇವನೂ ಮಾಡಿದ್ದ. ಲಾಭ ತೆಗೆಯುವಾಗ ಇವನು ವಿಪಿಎನ್ ಹಾಕಿ ಬೇರೆ ದೇಶದವನಾಗಿದ್ದ. ಪೆಟ್ಟು ಬಿದ್ದ ದಿನ ವಡೋದರೆಯ ನಾಗರಿಕನಾಗಿ ಪೊಲೀಸರ, ಬ್ಯಾಂಕಿನ, ಕಾನೂನಿನ ಬಾಗಿಲಿಗೆ ಬಂದ. ತನಗೆ ಬೇಡವಾದಾಗ ಬೇಲಿಯಾಚೆ, ಬೇಕಾದಾಗ ಬೇಲಿಯೀಚೆ. 'ಇದು ಕಾನೂನುಬದ್ಧವೇ' ಎಂದು ನಾವು ಕೇಳುವಾಗ ಬಹುಪಾಲು ಕೇಳುವುದು 'ನನ್ನನ್ನು ಹಿಡಿಯುತ್ತಾರೆಯೇ' ಎಂದು. ಇನ್ನೊಂದು ಪ್ರಶ್ನೆಯನ್ನು ನಾವು ಕೇಳುವುದಿಲ್ಲ: ಇಲ್ಲಿ ತಪ್ಪಾದರೆ ಯಾರು ಎದುರಿಗೆ ನಿಂತು ಉತ್ತರ ಕೊಡುತ್ತಾರೆ? ಉತ್ತರ ಕೊಡುವವರಿಲ್ಲದ ಕಡೆ ವ್ಯವಹಾರ ಮಾಡುವವನು ತಾನೂ ಯಾರಿಗೂ ಉತ್ತರ ಕೊಡಬೇಕಾಗಿಲ್ಲ ಎಂಬ ಅನುಕೂಲವನ್ನು ಕೊಂಡುಕೊಂಡಿರುತ್ತಾನೆ.

ನಮ್ಮ ಹುಡುಗನ ಪರವಾಗಿ ಹೇಳಬಹುದಾದ ಮಾತೂ ಇದೆ. ಲಾಭಕ್ಕೆ ಮೂವತ್ತು ಶೇಕಡಾ ತೆಗೆದುಕೊಂಡು, ಒಂದು ನಾಣ್ಯದ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯಲೂ ಬಿಡದ ತೆರಿಗೆ ನ್ಯಾಯವಾದದ್ದೇ ಎಂದು ಅವನು ಕೇಳುತ್ತಾನೆ. ಕೇಳಲಿ, ಕೇಳಬೇಕಾದ ಪ್ರಶ್ನೆಯೇ. ಅನ್ಯಾಯವೆಂದು ಕಂಡ ಕಾನೂನನ್ನು ಮುರಿಯುವ ಹಕ್ಕು ಮನುಷ್ಯನಿಗಿದೆ ಎಂದು ತೋರಿಸಿದವರು ಇದೇ ಗುಜರಾತಿನಲ್ಲಿ ಇದ್ದರು. ಗಾಂಧೀಜಿ ಸಾಬರಮತಿಯಿಂದ ಹೊರಟು 1930ರ ಏಪ್ರಿಲ್ 6ರಂದು ದಾಂಡಿಯಲ್ಲಿ ಉಪ್ಪು ಎತ್ತಿದ್ದು ಎಲ್ಲರ ಕಣ್ಣೆದುರಿಗೆ, ವೈಸರಾಯರಿಗೆ ಮೊದಲೇ ಪತ್ರ ಬರೆದು. ಅದಕ್ಕೂ ಮೊದಲು 1922ರ ಮಾರ್ಚ್ 18ರಂದು ಅಹಮದಾಬಾದಿನ ವಿಚಾರಣೆಯಲ್ಲಿ ನ್ಯಾಯಾಧೀಶ ಬ್ರೂಮ್‌ಫೀಲ್ಡರ ಮುಂದೆ ತಪ್ಪೊಪ್ಪಿಕೊಂಡು, ಕೊಡಬಹುದಾದ ಹೆಚ್ಚಿನ ಶಿಕ್ಷೆಯನ್ನೇ ಕೊಡಿ ಎಂದರು. ಆರು ವರ್ಷ ಕೊಟ್ಟರು. ಆ ಕಾನೂನು ತಪ್ಪೆಂದವರು ತಮ್ಮ ಹೆಸರು, ಊರು ಮುಚ್ಚಿಡಲಿಲ್ಲ. ತೆರಿಗೆ ಅನ್ಯಾಯವೆನ್ನುವವನು ಪತ್ರಿಕೆಗೆ ಬರೆಯಲಿ, ಕೋರ್ಟಿಗೆ ಹೋಗಲಿ, ವೋಟು ಹಾಕಲಿ. ವಿಪಿಎನ್ ಹಾಕಿಕೊಂಡು ಸತ್ಯಾಗ್ರಹ ಮಾಡಲು ಬರುವುದಿಲ್ಲ.

ಇಷ್ಟೆಲ್ಲ ಅವನಿಗೆ ಉಪದೇಶಿಸುವಾಗ ನನ್ನ ಗಂಟಲಲ್ಲೂ ಒಂದು ಮುಳ್ಳಿತ್ತು, ಅದನ್ನು ಇಲ್ಲಿ ಹೇಳದಿದ್ದರೆ ಈ ಲೇಖನ ಬರೆದದ್ದೇ ಸುಳ್ಳಾಗುತ್ತದೆ. 2021ರಲ್ಲಿ ಎಲ್ಲರೂ ದುಡ್ಡು ದ್ವಿಗುಣವಾಯಿತೆಂದು ಹೇಳಿಕೊಳ್ಳುತ್ತಿದ್ದ ಕಾಲದಲ್ಲಿ ನಾನೂ ಇವನ ಕೈಗೆ ಹತ್ತು ಸಾವಿರ ಕೊಟ್ಟಿದ್ದೆ. "ನನ್ನ ಹೆಸರು ಬ್ಯಾಡ, ನಿನ್ನ ಹೆಸರಿನ್ಯಾಗ ಇರಲಿ" ಎಂದಿದ್ದೆ. ಕೇಂದ್ರ ಸರ್ಕಾರದ ನೌಕರರ 1964ರ ನಡತೆ ನಿಯಮಗಳಲ್ಲಿ 16ನೆಯದು ನೌಕರನು ಸಟ್ಟಾ ವ್ಯವಹಾರ ಮಾಡಕೂಡದೆನ್ನುತ್ತದೆ. ಪದೇ ಪದೇ ಕೊಂಡು ಮಾರುವುದನ್ನೂ ಸಟ್ಟಾ ಎಂದೇ ಎಣಿಸುತ್ತದೆ. ಒಂದೇ ಸಲ ಕೊಂಡದ್ದು ಸಟ್ಟಾ ಆಗುತ್ತದೋ ಇಲ್ಲವೋ ಎಂದು ವಾದಿಸಬಹುದಿತ್ತು. ಆದರೆ ವಾದ ಗಟ್ಟಿಯಿದ್ದಿದ್ದರೆ ನಾನು ಹೆಸರು ಮುಚ್ಚಿಡುತ್ತಿರಲಿಲ್ಲವಲ್ಲ! ನಾಲ್ಕು ತಿಂಗಳಲ್ಲಿ ಅವನು ಹದಿನಾಲ್ಕು ಸಾವಿರ ತಂದುಕೊಟ್ಟ. ಅದರಲ್ಲಿ ಮನೆಗೆ ಮಿಕ್ಸರ್ ಬಂತು. ಆ ನಾಲ್ಕು ಸಾವಿರ ಯಾರ ಜೇಬಿನಿಂದ ಬಂತೆಂದು ನಾನು ಕೇಳಲಿಲ್ಲ. ಹುಡುಗನಿಗೆ ಮೊದಲ ಪಾಠ ಹೇಳಿಕೊಟ್ಟವನು ಒಂದು ರೀತಿಯಲ್ಲಿ ನಾನೇ.

ಮೂವತ್ತೆಂಟು ಸಾವಿರದ ಪ್ರಶ್ನೆ ಹಾಗೇ ಉಳಿದಿತ್ತು. ಪೊಲೀಸರು ಹೇಳಿದ್ದು, ಆ ಮೊತ್ತವನ್ನು ದೂರುದಾರರಿಗೆ ಹಿಂತಿರುಗಿಸಲು ಒಪ್ಪಿಗೆ ಬರೆದುಕೊಟ್ಟರೆ ಉಳಿದ ಖಾತೆ ಬಿಡಿಸಲು ತಾವು ಬ್ಯಾಂಕಿಗೆ ಬರೆಯುತ್ತೇವೆ ಎಂದು. ವಕೀಲರೊಬ್ಬರು ಬೇಡ ಎಂದರು: ಬೆಲೆ ಕೊಟ್ಟು, ಕೇಡು ತಿಳಿಯದೆ ಪಡೆದ ಹಣದ ಮೇಲೆ ನಿನಗೆ ಹಕ್ಕಿದೆ, ಹೋರಾಡು. ಅವರ ಮಾತು ತಳ್ಳಿಹಾಕುವಂಥದ್ದಲ್ಲ. "ನಾ ಕೊಟ್ರ ನನ್ನ ರೊಕ್ಕ ಯಾರು ಕೊಡ್ತಾರ? ಕದ್ದಾಂವ ಅರಾಮ ಇದ್ದಾನ" ಎಂದು ಹುಡುಗ ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ಇಬ್ಬರಲ್ಲಿ ಒಬ್ಬರು ನಷ್ಟ ಹೊರಲೇಬೇಕು. ಒಬ್ಬರು ಫೋನಿನಲ್ಲಿ ಪೊಲೀಸರೆಂದು ಹೆದರಿಸಿದವರನ್ನು ನಂಬಿದ ಮುದುಕರು. ಇನ್ನೊಬ್ಬ ಯಾರನ್ನೂ ನಂಬಬೇಕಾಗಿಲ್ಲದ, ಯಾರ ಮುಖವೂ ಕಾಣಬೇಕಾಗಿಲ್ಲದ ಸಂತೆಯನ್ನು ತಾನಾಗಿ ಆರಿಸಿಕೊಂಡ ಯುವಕ. ಮುದುಕರಿಗೆ ಆರಿಸಿಕೊಳ್ಳುವ ಅವಕಾಶವೇ ಸಿಗಲಿಲ್ಲ, ಇವನಿಗೆ ಮೂರು ವರ್ಷ ಸಿಕ್ಕಿತ್ತು. ಕಾನೂನು ಏನೇ ಹೇಳಲಿ, ನನ್ನ ಮನಸ್ಸಿನಲ್ಲಿ ತಕ್ಕಡಿ ಅಲ್ಲಿಗೆ ವಾಲಿತು.

ಅಕ್ಕನಿಗೆ ಈ ತರ್ಕವೇನೂ ಬೇಕಾಗಲಿಲ್ಲ. ಊರಿನಿಂದ ಫೋನಿನಲ್ಲಿ ಎಲ್ಲ ಕೇಳಿಸಿಕೊಂಡು, "ಯಾರದೋ ಮುದುಕರ ಪೆನ್ಶನ್ ರೊಕ್ಕ ಅಂತೀ, ಅದನ್ನ ಇಟ್ಕೊಂಡು ಏನ್ ಮಾಡಾಂವ ಇದ್ದೀಯೋ?" ಎಂದಳು. ನನಗೆ ಆಯ್ದಕ್ಕಿ ಲಕ್ಕಮ್ಮನ ಕತೆ ನೆನಪಾಯಿತು. ಕಲ್ಯಾಣದಲ್ಲಿ ಬಸವಣ್ಣನವರ ಮನೆಯಂಗಳದಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ನಿತ್ಯಕ್ಕಿಂತ ಹೆಚ್ಚು ತಂದ. ಬಿದ್ದ ಅಕ್ಕಿ ಆಯುವುದನ್ನು ಯಾರೂ ನಿಷೇಧಿಸಿರಲಿಲ್ಲ, ಕಾವಲೂ ಇರಲಿಲ್ಲ. ಲಕ್ಕಮ್ಮ ಅದನ್ನು ಕೇಳಲೇ ಇಲ್ಲ. ಇಷ್ಟು ನಮಗೇಕೆ ಎಂದು ಕೇಳಿ, ಹೆಚ್ಚಿನದನ್ನು ಅಲ್ಲೇ ಸುರಿದು ಬಾ ಎಂದು ಗಂಡನನ್ನು ತಿರುಗಿ ಕಳಿಸಿದಳು.

ಹುಡುಗ ಒಪ್ಪಿಗೆ ಬರೆದುಕೊಟ್ಟ. ಸಂತೋಷದಿಂದ ಎಂದು ಹೇಳಲಾರೆ. ಬಾಡಿಗೆ ಕಟ್ಟುವುದಿತ್ತು, ಸಂಬಳ ಬಿಡುಗಡೆಯಾಗಬೇಕಿತ್ತು. ಅರ್ಜಿಯನ್ನು ಇಂಗ್ಲಿಷಿನಲ್ಲಿ ನಾನೇ ಕರಡು ಮಾಡಿದೆ. ಹದಿನೆಂಟು ದಿನಕ್ಕೆ ಖಾತೆ ಬಿಟ್ಟರು, ಮೂವತ್ತೆಂಟು ಸಾವಿರವನ್ನು ಮಾತ್ರ ಹಿಡಿದಿಟ್ಟರು. ಹಿಂದಿನ ವರ್ಷಗಳ ಲಾಭವನ್ನು ರಿಟರ್ನಿನಲ್ಲಿ ತೋರಿಸಿರಲಿಲ್ಲವಾದ್ದರಿಂದ ಲೆಕ್ಕ ಹಾಕಿ, ಬಡ್ಡಿ ಸಹಿತ ಕಟ್ಟಲು ಲೆಕ್ಕಿಗರೊಬ್ಬರ ಬಳಿ ಕರೆದೊಯ್ದೆ. ನನ್ನ ನಾಲ್ಕು ಸಾವಿರವನ್ನೂ ಅದರಲ್ಲಿ ಸೇರಿಸಿ, ಅದರ ತೆರಿಗೆ ನಾನು ಕೊಟ್ಟೆ. ಮಿಕ್ಸರಿನ ವಿಷಯ ಹೆಂಡತಿಗೆ ಆಗ ಗೊತ್ತಾಯಿತು; ಅದೊಂದು ಪ್ರತ್ಯೇಕ ಅಧ್ಯಾಯ.

ಆ ಮಾಸ್ತರರಿಗೆ ಹಣ ಮುಟ್ಟಿತೋ ಇಲ್ಲವೋ ಎಂದು ಹುಡುಗ ಎರಡು ಸಲ ಠಾಣೆಗೆ ಫೋನ್ ಮಾಡಿದ. ಕೋರ್ಟಿನ ಆಜ್ಞೆ ಬರಬೇಕು, ಬಂದ ಮೇಲೆ ಬ್ಯಾಂಕಿನವರು ಕಳಿಸುತ್ತಾರೆ ಎಂದರಂತೆ. ಮುಂದಿನ ತಿಂಗಳು ಮತ್ತೆ ಕೇಳುತ್ತೇನೆ ಎಂದಿದ್ದಾನೆ.